ಓಡಿಬಂದವರ ಊರಿನಲ್ಲಿ ಕೂತು

1398ರ ಚಳಿಗಾಲದಲ್ಲಿ ತೈಮೂರನ ದಂಡು ದಿಲ್ಲಿಯ ಹೊಸ್ತಿಲಿಗೆ ಬಂದಾಗ ಊರು ಬಿಟ್ಟು ಹೊರಟವರಲ್ಲಿ ಎಂಬತ್ತರ ಹತ್ತಿರ ವಯಸ್ಸಿನ ಒಬ್ಬ ಸೂಫಿಯೂ ಇದ್ದರು. ಮನೆಮಂದಿಯನ್ನೂ ಶಿಷ್ಯರನ್ನೂ ಕರೆದುಕೊಂಡು ಗ್ವಾಲಿಯರ್, ಗುಜರಾತ್, ದೌಲತಾಬಾದ್ ಹಾದು ಅವರು ಕೊನೆಗೆ ಬಂದು ಸೇರಿದ್ದು ಬಹಮನಿ ಸುಲ್ತಾನ ಫಿರೋಜ್ ಶಹನ ಕಲಬುರಗಿಗೆ. ಮೊದಮೊದಲು ಸುಲ್ತಾನ ಆದರದಿಂದಲೇ ಬರಮಾಡಿಕೊಂಡ. ಆಮೇಲೆ ಕೋಟೆಯ ಹತ್ತಿರ ಅವರನ್ನು ನೋಡಲು ಬರುವ ಜನರ ಗದ್ದಲ ಹೆಚ್ಚಾಯಿತೆಂದು ಬೇರೆ ಕಡೆ ಹೋಗಿ ನೆಲೆಸಿರಿ ಎಂದನಂತೆ. ಓಡಿಬಂದ ಮುದುಕರು ಇನ್ನೊಮ್ಮೆ ಗಂಟುಮೂಟೆ ಕಟ್ಟಿದರು. 1422ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು. ಅವರ ಗೋರಿಯ ಸುತ್ತ ಬೆಳೆದ ಬಡಾವಣೆಗೆ ಇವತ್ತು ರೋಜಾ ಎಂದೇ ಹೆಸರು. ಉರುಸಿನ ದಿನ ಜಾತಿ ಧರ್ಮದ ಹಂಗಿಲ್ಲದೆ ಜನ ಸೇರುತ್ತಾರೆ. ಮಗುವಿನ ಜ್ವರ ಇಳಿಯಲೆಂದು ಅಲ್ಲಿ ಹರಕೆ ಹೊರುವ ತಾಯಂದಿರಲ್ಲಿ ಹಣೆಗೆ ವಿಭೂತಿ ಹಚ್ಚಿದವರೂ ಇರುತ್ತಾರೆ.

ಖಾಜಾ ಬಂದೇನವಾಜರನ್ನು ನಿರಾಶ್ರಿತ ಎಂದು ಯಾರೂ ಕರೆಯುವುದಿಲ್ಲ. ಕರೆದರೆ ಕಲಬುರಗಿ ಮಂದಿಗೆ ಸಿಟ್ಟು ಬಂದೀತು. ಆದರೆ ನಡೆದದ್ದು ಅದೇ. ಜೀವಕ್ಕೆ ಹೆದರಿ ಒಂದು ಊರು ಬಿಟ್ಟು ಇನ್ನೊಂದು ಊರಿನ ಬಾಗಿಲು ತಟ್ಟಿದ ಕುಟುಂಬ ಅದು.

ಈಗ ಇದು ನೆನಪಾಗಲು ಕಾರಣವಿದೆ. ನಮ್ಮ ಚಹಾದಂಗಡಿಗಳಲ್ಲಿ ರೋಹಿಂಗ್ಯಾ ಎಂಬ ಹೆಸರು ಬೈಗುಳದ ಹತ್ತಿರಕ್ಕೆ ಬಂದಿದೆ. ಹೊಸ ಮುಖದ ಬಡ ಮುಸಲ್ಮಾನನೊಬ್ಬ ಚಿಂದಿ ಆಯುತ್ತಾ ಓಣಿಯಲ್ಲಿ ಕಂಡರೆ ಸಾಕು, ‘ಇಂವ ಎಲ್ಲಿಂದ ಬಂದಾನೋ ಯಾರಿಗ್ಗೊತ್ತು’ ಎನ್ನುವ ಮಾತು ಹುಟ್ಟುತ್ತದೆ. ಹಾಗೆ ಆಡುವವರಲ್ಲಿ ಹೆಚ್ಚಿನವರು ಒಬ್ಬ ರೋಹಿಂಗ್ಯಾನನ್ನೂ ಕಂಡಿರಲಾರರು. ಅವರ ಬಿಡಾರಗಳಿರುವುದು ಹೈದರಾಬಾದಿನ ಬಾಲಾಪುರದಲ್ಲಿ, ಬೆಂಗಳೂರಿನ ಉತ್ತರದ ಅಂಚಿನಲ್ಲಿ, ಜಮ್ಮುವಿನಲ್ಲಿ, ದಿಲ್ಲಿಯಲ್ಲಿ, ಹರಿಯಾಣದ ನೂಹ್‌ನಲ್ಲಿ. ಕಲಬುರಗಿಗೆ ಅವರು ಬರುವುದು ಬಹುಮಟ್ಟಿಗೆ ಸುದ್ದಿಯಾಗಿ, ವಾಟ್ಸಾಪಿನ ವಿಡಿಯೊ ಆಗಿ. 2021ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಅಫಿಡವಿಟ್ಟಿನಲ್ಲಿ, ಕರ್ನಾಟಕದಲ್ಲಿ ಗುರುತಿಸಿರುವ ರೋಹಿಂಗ್ಯಾಗಳು 126 ಮಂದಿ ಎಂದು ಹೇಳಿತ್ತು. ಆರು ಕೋಟಿಗೂ ಮಿಕ್ಕಿದ ಜನರ ರಾಜ್ಯ ನಮ್ಮದು. ಲೆಕ್ಕಕ್ಕೆ ಸಿಗದವರನ್ನು ಸೇರಿಸಿ ಇದನ್ನು ಹತ್ತು ಪಟ್ಟು ಮಾಡಿದರೂ ಕಮಲಾಪುರದ ವಾರದ ಸಂತೆಯಷ್ಟು ಜನ ಆಗುವುದು ಅನುಮಾನ.

ಇವರು ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನ್, ಅಂದರೆ ಈಗಿನ ರಖೈನ್ ಪ್ರಾಂತದವರು. ಚಿತ್ತಗಾಂಗಿನ ಬಂಗಾಳಿಗೆ ಹತ್ತಿರದ ಮಾತು, ಭತ್ತದ ಬೇಸಾಯ, ಹೊಳೆಯ ಮೀನು, ಮುಸಲ್ಮಾನ ನಂಬಿಕೆ. 1978ರಲ್ಲಿ ಒಮ್ಮೆ, 1991–92ರಲ್ಲಿ ಇನ್ನೊಮ್ಮೆ ಎರಡೆರಡು ಲಕ್ಷದಷ್ಟು ಜನ ನಾಫ್ ನದಿ ದಾಟಿ ಬಾಂಗ್ಲಾದೇಶಕ್ಕೆ ಓಡಿದ್ದರು. 2012ರ ಗಲಭೆಗಳ ನಂತರ ಉಳಿದವರಲ್ಲಿ ಬಹಳ ಮಂದಿ ತಮ್ಮ ನೆಲದಲ್ಲೇ ಬೇಲಿಯೊಳಗಿನ ಶಿಬಿರ ಸೇರಿದರು. 2017ರ ಆಗಸ್ಟ್ 25ರಂದು ಆರ್ಸಾ ಎಂಬ ಬಂದೂಕುಧಾರಿ ಗುಂಪು ಪೊಲೀಸ್ ಠಾಣೆಗಳ ಮೇಲೆ ಬಿದ್ದಿತು. ಅದನ್ನೇ ನೆಪ ಮಾಡಿಕೊಂಡು ಮ್ಯಾನ್ಮಾರ್ ಸೇನೆ ಊರಿಗೆ ಊರೇ ಸುಟ್ಟಿತು. ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿದರು. ಕಾಕ್ಸ್ ಬಜಾರಿನ ಗುಡ್ಡಗಳ ಮೇಲಿನ ಕುತುಪಾಲೊಂಗ್, ಬಿದಿರು ಮತ್ತು ತಾಡಪತ್ರಿಯ ಗುಡಿಸಲುಗಳ ಒಂದು ಮಹಾನಗರವೇ ಆಯಿತು. ಅದೇ ಆರ್ಸಾ ಅದೇ ದಿನಗಳಲ್ಲಿ ರಖೈನಿನ ಹಿಂದೂ ಹಳ್ಳಿಗರನ್ನೂ ಕೊಂದಿದೆ ಎಂದು ಆಮ್ನೆಸ್ಟಿ ಸಂಸ್ಥೆ 2018ರಲ್ಲಿ ವರದಿ ಮಾಡಿತು. ಇದನ್ನು ಮುಚ್ಚಿಡಬೇಕಾದ್ದಿಲ್ಲ, ಈ ಮಾತಿಗೆ ಮತ್ತೆ ಬರುತ್ತೇನೆ.

ಸೇನೆಯ ಬೆಂಕಿಗಿಂತ ಮೊದಲು ಕೆಲಸ ಮಾಡಿದ್ದು ಒಂದು ಕಾಯ್ದೆ. 1982ರ ಬರ್ಮಾ ಪೌರತ್ವ ಕಾಯ್ದೆ, 1823ಕ್ಕೆ ಮೊದಲೇ ಆ ನೆಲದಲ್ಲಿ ನೆಲೆಸಿದ್ದ ಜನಾಂಗಗಳನ್ನು ಹುಟ್ಟಾ ಪ್ರಜೆಗಳೆಂದು ಒಪ್ಪಿತು. ಸರ್ಕಾರ ಮಾಡಿದ 135 ಜನಾಂಗಗಳ ಪಟ್ಟಿಯಲ್ಲಿ ರೋಹಿಂಗ್ಯಾ ಹೆಸರಿಲ್ಲ. ಮೊದಲು ಇದ್ದ ಗುರುತಿನ ಚೀಟಿ ಹೋಗಿ ಬಿಳಿ ಚೀಟಿ ಬಂತು, 2015ರಲ್ಲಿ ಅದೂ ರದ್ದಾಯಿತು. 2010ರಲ್ಲಿ ಮತ ಹಾಕಿದವರು 2015ರಲ್ಲಿ ಹಾಕುವಂತಿರಲಿಲ್ಲ. ಅವರು ಕೂತಲ್ಲೇ ಕೂತಿದ್ದರು, ಅವರ ಕಾಲ ಕೆಳಗಿನ ಕಾಗದ ಸರಿಯಿತು.

1823 ಎಂದರೆ ನಮಗೆ ಯಾವ ಕಾಲ? ಕಲಬುರಗಿಯವರಿಗೆ ಲೆಕ್ಕ ಸುಲಭ. ಅರಳಗುಂಡಗಿಯಿಂದ ಬಂದು ಇಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರು ಲಿಂಗೈಕ್ಯರಾದದ್ದು 1822ರಲ್ಲಿ, ಅದರ ಹಿಂದಿನ ವರ್ಷ. ಆಗ ನಿಮ್ಮ ಮುತ್ತಜ್ಜನ ಮುತ್ತಜ್ಜ ಇದೇ ಸೀಮೆಯಲ್ಲಿ ಇದ್ದರೆಂಬುದಕ್ಕೆ ಏನು ಕಾಗದ ಇದೆ? ಕುಲಕರ್ಣಿ, ದೇಶಮುಖರ ಮನೆಗಳಲ್ಲಿ ಮೋಡಿಯಲ್ಲೋ ಫಾರಸಿಯಲ್ಲೋ ಬರೆದ ಒಂದು ಸನದು ಸಿಕ್ಕೀತು. ಕಮಲಾಪುರ, ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಏನು ಸಿಗುತ್ತದೆ? ದಂಡುಗಳ ಹಿಂದೆ ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ದಕ್ಷಿಣಕ್ಕೆ ಬಂದ ಜನ ಲಂಬಾಣಿಗರು. ನೆಲವಿಲ್ಲದ ಹೊಲೆಮಾದಿಗರ ಕೇರಿಯಲ್ಲಿ ಯಾವ ದಫ್ತರ ಹುಡುಕುತ್ತೀರಿ? ಈ ಭಾಗದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರಕ್ಕಾಗಿ ತಹಶೀಲ್ದಾರ್ ಕಚೇರಿಯ ಮುಂದೆ ನಿಲ್ಲುವ ನಮ್ಮ ಹುಡುಗರು ಅಪ್ಪನ ಶಾಲೆಯ ದಾಖಲೆ ಹುಡುಕುವುದರೊಳಗೇ ಸೋತುಹೋಗುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಕಾಗದ ಸಿಗದ ಊರಿಗೆ ಇನ್ನೂರು ವರ್ಷದ ಹಿಂದಿನದನ್ನು ತಾ ಎಂದರೆ ಅರ್ಧ ಊರು ಪರದೇಶಿಯಾಗುತ್ತದೆ. ನಮ್ಮ ಅಜ್ಜಂದಿರು ನಿಜಾಮನ ರಯತರಾಗಿ ಹುಟ್ಟಿ, ಹೈದರಾಬಾದ್ ರಾಜ್ಯದ ನಾಗರಿಕರಾಗಿ, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದವರಾಗಿ, 1973ರಲ್ಲಿ ಕರ್ನಾಟಕದವರಾಗಿ ತೀರಿಕೊಂಡರು. ಮನೆ ಬದಲಾಗಲಿಲ್ಲ, ಸರ್ಕಾರಗಳು ಬದಲಾದವು. ಪ್ರತಿ ಸಲವೂ ಹೊಸ ಸರ್ಕಾರ ಅವರನ್ನು ನಮ್ಮವರೆಂದು ಬರೆದುಕೊಂಡಿತು. ಅರಾಕಾನಿನ ರೈತನಿಗೆ ಸಿಗದೆ ಹೋದದ್ದು ಆ ಒಂದು ಬರವಣಿಗೆ.

ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆಗೆ ಹೊರಟರೆ ದಾರಿಯಲ್ಲಿ ಕಮಲಾಪುರ. ಕೆಂಪು ಬಾಳೆಹಣ್ಣಿನ ಊರು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಹಣ್ಣಿನಿಂದಲೇ ಹೊರಗಿನವರಿಗೆ ಪರಿಚಯ. ಈಗ ತಾಲ್ಲೂಕು ಕೇಂದ್ರ, 2017ರಿಂದ ಬೀದರ್‌–ಕಲಬುರಗಿ ರೈಲೂ ಇದೆ. ಈ ಸೀಮೆಯ ದಾರಿಗಳು 1948ರಲ್ಲಿ ಕಂಡದ್ದನ್ನು ಮಾತ್ರ ನಾವು ಅರ್ಧ ನೆನಪಿಟ್ಟುಕೊಂಡಿದ್ದೇವೆ.

ಆ ವರ್ಷದ ಮೊದಲ ಎಂಟು ತಿಂಗಳು ಹಿರಿಯರ ಬಾಯಲ್ಲಿ ರಜಾಕಾರರ ಹಾವಳಿಯ ಕಾಲ. ಖಾಸಿಂ ರಜ್ವಿಯ ಆ ಖಾಸಗಿ ಪಡೆ ಹಳ್ಳಿಗಳಿಗೆ ನುಗ್ಗಿ ಸುಲಿಯಿತು, ಸುಟ್ಟಿತು. ಬೀದರ್ ಜಿಲ್ಲೆಯ ಗೋರಟಾದಲ್ಲಿ ಆದದ್ದನ್ನು ನೆನೆದು ಇವತ್ತಿಗೂ ಜನ ದನಿ ತಗ್ಗಿಸುತ್ತಾರೆ. ಹಿಂದೂ ಕುಟುಂಬಗಳು ರಾತ್ರೋರಾತ್ರಿ ಗಂಟು ಹೊತ್ತು ನಿಜಾಮನ ಗಡಿ ದಾಟಿ ಸೊಲ್ಲಾಪುರದ ಕಡೆಗೆ, ಗಜೇಂದ್ರಗಡ, ಮುಂಡರಗಿಗಳ ಕಡೆಗೆ ಹೋದವು. ಅಲ್ಲಿಯ ಜನ ‘ಯಾ ಊರ್ರೀ ನಿಮ್ದು’ ಎಂದು ಕೇಳಿದ್ದಿರಬಹುದು, ಕಾಗದ ಕೇಳಲಿಲ್ಲ. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಒಂದು ಮನೆಗೆ ಬೆಂಕಿ ಬಿತ್ತು. ತಾಯಿ, ಸೋದರಿ ಅದರಲ್ಲಿ ಹೋದರು. ಆರೇಳು ವರ್ಷದ ಹುಡುಗನನ್ನು ಎತ್ತಿಕೊಂಡು ತಂದೆ ಊರು ಬಿಟ್ಟ. ಅಲ್ಲಿ ಇಲ್ಲಿ ಅಲೆದು ಅವರು ಕಡೆಗೆ ನೆಲೆ ಕಂಡದ್ದು ಕಲಬುರಗಿಯಲ್ಲಿ. ಗಿರಣಿ ಕಾರ್ಮಿಕನ ಮಗನಾಗಿ ಓದಿದ ಆ ಹುಡುಗ ಲಾಯರಾಗಿ, ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರನಾಗಿ, ಮುಂದೆ ಮಂತ್ರಿಯಾಗಿ, ಪಕ್ಷದ ರಾಷ್ಟ್ರೀಯ ಅಧ್ಯಕ್ಷನೂ ಆದ. ಮಲ್ಲಿಕಾರ್ಜುನ ಖರ್ಗೆಯವರ ರಾಜಕೀಯ ಯಾರಿಗೆ ಹಿಡಿಸುತ್ತದೆ, ಯಾರಿಗೆ ಇಲ್ಲ ಎನ್ನುವುದು ಬೇರೆ ಮಾತು. ಊರೊಂದು ಓಡಿಬಂದ ಮಗುವಿಗೆ ಜಾಗ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ನಮ್ಮ ಓಣಿಯಲ್ಲೇ ಸಾಕ್ಷಿ ಇದೆ ಎನ್ನುವುದಷ್ಟೇ ನನ್ನ ಮಾತು. 2024ರ ನವೆಂಬರಿನಲ್ಲಿ ಮಹಾರಾಷ್ಟ್ರ ಚುನಾವಣೆಯ ಹೊತ್ತಿಗೆ ಉತ್ತರ ಪ್ರದೇಶದ ಮುಖ್ಯಮಂತ್ರಿ ಈ ಬೆಂಕಿಯನ್ನು ಎತ್ತಿ ಆಡಿದಾಗ, ಮಗ ಪ್ರಿಯಾಂಕ್ ಖರ್ಗೆ ಕೊಟ್ಟ ಉತ್ತರದ ಸಾರ ಇಷ್ಟು: ಮನೆ ಸುಟ್ಟವರು ರಜಾಕಾರರು, ಇಡೀ ಮುಸಲ್ಮಾನ ಸಮುದಾಯವಲ್ಲ.

ಅಜ್ಜಿಯನ್ನು ಕಳೆದುಕೊಂಡ ಮನೆಯವರು ಇದನ್ನು ಹೇಳಬಲ್ಲರಾದರೆ, ಏನೂ ಕಳೆದುಕೊಳ್ಳದ ನಾವು ಆರ್ಸಾವನ್ನೂ ರೋಹಿಂಗ್ಯಾ ತಾಯಿಯನ್ನೂ ಒಂದೇ ಚೀಲಕ್ಕೆ ಹಾಕುವುದೇಕೆ? ರಜಾಕಾರರ ವಿರುದ್ಧ ಬರೆದದ್ದಕ್ಕೆ 1948ರ ಆಗಸ್ಟ್ 22ರಂದು ಹೈದರಾಬಾದಿನಲ್ಲಿ ಕೊಲೆಯಾದ ಪತ್ರಿಕಾ ಸಂಪಾದಕ ಶೋಯೆಬುಲ್ಲಾ ಖಾನ್ ಕೂಡ ಮುಸಲ್ಮಾನರೇ.

ಇನ್ನು ನಾವು ಮರೆತ ಅರ್ಧ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, 17ಕ್ಕೆ ನಿಜಾಮ ಸೋತ. ಜನ ಅದನ್ನು ಪೊಲೀಸ್ ಆಕ್ಷನ್ ಎಂದರು. ಆಮೇಲಿನ ವಾರಗಳಲ್ಲಿ ಓಡುವವರು ಬದಲಾದರು, ದಾರಿ ಅದೇ ಇತ್ತು. ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಮುಸಲ್ಮಾನ ನೇಕಾರರು, ಕೂಲಿಗಳು, ವಿಧವೆಯರು ಅವರ ಪಾಪದ ಬೆಲೆ ತೆತ್ತರು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಮೂವರೂ ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೆಯ ವಾರದವರೆಗೆ ಊರೂರು ತಿರುಗಿ ವರದಿ ಬರೆದರು. ಇಡೀ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಎಲ್ಲಕ್ಕಿಂತ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ಬೀದರ್, ಗುಲಬರ್ಗಾ ಎರಡೂ ಇವೆ. ಈ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ. ಅದೇ ವರದಿಯಲ್ಲಿ, ಜೀವದ ಹಂಗು ತೊರೆದು ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳ ಸಂಗತಿಯೂ ಇದೆ. ವರದಿ ಬಹುಕಾಲ ಬೀಗದೊಳಗೇ ಉಳಿಯಿತು.

ಪ್ರತಿ ಸೆಪ್ಟೆಂಬರ್ 17ಕ್ಕೆ ನಾವು ಧ್ವಜ ಹಾರಿಸುತ್ತೇವೆ. ಮೊದಲು ವಿಮೋಚನಾ ದಿನ ಎನ್ನುತ್ತಿದ್ದೆವು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತೇವೆ. ಹಾರಿಸಬೇಕಾದ್ದೇ, ಆ ಗೆಲುವು ಸಣ್ಣದಲ್ಲ. ಆದರೆ ಭಾಷಣಗಳಲ್ಲಿ ಸೆಪ್ಟೆಂಬರ್ 17ಕ್ಕೆ ಮುಂಚೆ ಓಡಿದವರಿದ್ದಾರೆ, ನಂತರ ಓಡಿದವರಿಲ್ಲ. ನನ್ನ ತಕರಾರು ಇಲ್ಲಿಯೇ. ಓಡಿಹೋದವರನ್ನು ನಾವು ಮೊದಲಿನಿಂದಲೂ ಎರಡು ರಾಶಿ ಮಾಡಿ ಎಣಿಸುತ್ತಾ ಬಂದಿದ್ದೇವೆ, ಒಂದು ನಮ್ಮ ರಾಶಿ, ಇನ್ನೊಂದು ಅವರದು. ಎಪ್ಪತ್ತೈದು ವರ್ಷ ಹೀಗೆ ಎಣಿಸಿ ಅಭ್ಯಾಸವಾದ ಕೈಗೆ ರೋಹಿಂಗ್ಯಾ ಮಗು ಸಿಕ್ಕಾಗ ಅದನ್ನು ಯಾವ ರಾಶಿಗೆ ಹಾಕಬೇಕೆಂದು ಯೋಚನೆಯೇ ಬೇಕಾಗುವುದಿಲ್ಲ.

ಕರ್ನಾಟಕಕ್ಕೆ ಕರುಣೆ ಗೊತ್ತಿಲ್ಲ ಎಂದೇನೂ ಅಲ್ಲ. 1960ರಲ್ಲಿ ಬೈಲುಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟ್ಟಿನವರಿಗೆ ಕಾಡು ಕಡಿದು ನೆಲ ಕೊಟ್ಟ ರಾಜ್ಯ ಇದು. ನಮ್ಮದೇ ವಿಭಾಗದ ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಆರ್.ಎಚ್. ಕ್ಯಾಂಪುಗಳಿವೆ. ಅವರು ತುಂಗಭದ್ರೆಯ ನೀರಲ್ಲಿ ಭತ್ತ ಬೆಳೆದರು, ಮೀನು ಸಾಕಿದರು, ಅವರ ಮಕ್ಕಳು ರಾಯಚೂರಿನ ಕನ್ನಡ ಕಲಿತರು. ಅಲ್ಲಿಯೂ ಎಷ್ಟೋ ಜನರಿಗೆ ದಶಕಗಳ ಕಾಲ ಪೌರತ್ವದ, ಜಾತಿ ಪ್ರಮಾಣಪತ್ರದ ತೊಡಕು ಬಿಡಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆ, 2024ರ ಮಾರ್ಚಿನ ನಿಯಮಗಳು ಅಂಥವರಿಗೆ ಬಾಗಿಲು ತೆರೆದವು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನದ ಆರು ಧರ್ಮದವರ ಹೆಸರು ಅದರಲ್ಲಿದೆ. ಮುಸಲ್ಮಾನರಿಲ್ಲ, ಮ್ಯಾನ್ಮಾರ್ ಇಲ್ಲ. ಎರಡು ರಾಶಿಯ ಎಣಿಕೆ ಹೀಗೆ ಕಾಯ್ದೆಯ ಭಾಷೆಗೂ ಬಂತು.

‘ನಮ್ಮವ್ರಿಗೇ ಇಲ್ಲ, ಇನ್ನ ಅವ್ರಿಗೆ ಎಲ್ಲಿಂದ ತರೂದ್ರೀ’ ಎನ್ನುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ತೊಗರಿ ಕೈಕೊಟ್ಟ ವರ್ಷ ತಾಂಡಾಗಳಿಗೆ ಬೀಗ ಬೀಳುತ್ತದೆ, ಮುದುಕರು ಮತ್ತು ನಾಯಿಗಳು ಮಾತ್ರ ಉಳಿಯುತ್ತವೆ. ಮಿಕ್ಕವರು ಗುಳೆ ಹೋಗಿ ಮುಂಬೈ, ಪುಣೆಗಳಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಗಾರೆ ಹೊರುತ್ತಾರೆ. ಆದರೆ ಇದೇ ಜನಕ್ಕೆ 2020ರಲ್ಲಿ ಏನಾಯಿತು? ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲೇ ಆಗಿತ್ತು, ಹೆದರಿಕೆ ಇದ್ದದ್ದು ಸಹಜ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಊರಿಗೆ ಬರುವವರನ್ನು ನಮ್ಮ ಸರ್ಕಾರವೇ ಗಡಿಯಲ್ಲಿ ತಡೆಯಿತು. ಬಂದವರನ್ನು ಶಾಲೆಗಳಲ್ಲಿ ಕೂಡಿಹಾಕಿದಾಗ ಅವರ ಊರವರೇ ದೂರ ನಿಂತು ನೋಡಿದರು. ಆಧಾರ್ ಇತ್ತು, ರೇಷನ್ ಕಾರ್ಡ್ ಇತ್ತು, ಕನ್ನಡ ಇತ್ತು. ಬಡವನನ್ನು ಹೊರಗಿನವನಾಗಿಸಲು ಗಡಿ ದಾಟಿಸಲೇಬೇಕೆಂದಿಲ್ಲ. ರೋಹಿಂಗ್ಯಾಗಳಿಗೆ ಏನೂ ಸಿಗದಿದ್ದರೆ ತಾಂಡಾದವರಿಗೆ ಹೆಚ್ಚು ಸಿಗುತ್ತದೆ ಎಂಬ ಲೆಕ್ಕವನ್ನು ಯಾರು ಹೇಳಿಕೊಟ್ಟರೋ ತಿಳಿಯದು. ಬಾಲಾಪುರದಲ್ಲಿ ಗುಜರಿ ಬೇರ್ಪಡಿಸಿ ಹೊಟ್ಟೆ ಹೊರೆಯುವವನು ಚಿಂಚೋಳಿಯ ಯಾರ ನರೇಗಾ ಕೂಲಿಯನ್ನೂ ತಿಂದಿಲ್ಲ.

ಸರ್ಕಾರದ ಅಧಿಕಾರವನ್ನು ನಾನು ಅಲ್ಲಗಳೆಯುತ್ತಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಇದ್ದರೂ ಸರ್ಕಾರದ ಕಣ್ಣಲ್ಲಿ ಇವರು ಅಕ್ರಮವಾಗಿ ಬಂದವರೇ. 2017ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ಇವರು ಸುಮಾರು 40 ಸಾವಿರ ಎಂದಿತ್ತು. 2021ರ ಏಪ್ರಿಲ್ 8ರಂದು, ಜಮ್ಮುವಿನಲ್ಲಿ ಬಂಧಿತರಾದವರ ವಿಚಾರದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಪೂರ್ತಿ ಓದಬೇಕು: ಸಂವಿಧಾನದ 14 ಮತ್ತು 21ನೇ ವಿಧಿಗಳ ರಕ್ಷಣೆ ಪ್ರಜೆಗಳಲ್ಲದವರಿಗೂ ಉಂಟು, ಆದರೆ ಈ ದೇಶದಲ್ಲಿ ನೆಲೆಸುವ ಹಕ್ಕು ಪ್ರಜೆಗಳದು ಮಾತ್ರ, ಕಾನೂನಿನ ಕ್ರಮ ಪಾಲಿಸದೆ ಯಾರನ್ನೂ ಗಡಿಪಾರು ಮಾಡುವಂತಿಲ್ಲ. ಅದಕ್ಕೂ ಮೊದಲು, 1996ರಲ್ಲಿ, ಅರುಣಾಚಲದ ಚಕ್ಮಾಗಳ ಪ್ರಕರಣದಲ್ಲಿ ಅದೇ ಕೋರ್ಟು ಪ್ರಜೆಯಿರಲಿ ಬಿಡಲಿ, ಮನುಷ್ಯನ ಜೀವ ಕಾಯುವುದು ರಾಜ್ಯದ ಹೊಣೆ ಎಂದಿತ್ತು. ಯಾರು ಇರಬೇಕು, ಯಾರು ಹೋಗಬೇಕೆಂಬುದನ್ನು ಸರ್ಕಾರ ಮತ್ತು ನ್ಯಾಯಾಲಯ ತೀರ್ಮಾನಿಸಲಿ. ನೆರೆಯವನಾಗಿ ನಾನು ತೀರ್ಮಾನಿಸಬೇಕಾದ್ದನ್ನು ಅವರ ತಲೆಗೆ ಕಟ್ಟುವುದು ಮಾತ್ರ ಸರಿಯಲ್ಲ. ಒಂದು ಖೋಲಿ ಬಾಡಿಗೆಗೆ ಕೊಡುವಾಗ, ದುಡಿದ ಕೂಲಿಯನ್ನು ಎಣಿಸಿ ಕೊಡುವಾಗ, ಪೂರಾ ದಿನ ತುಂಬಿದ ಬಸುರಿಯನ್ನು ಆಟೊದಲ್ಲಿ ಕೂರಿಸಿಕೊಳ್ಳುವಾಗ ದಿಲ್ಲಿಯ ಆದೇಶ ಬರುವವರೆಗೆ ಕಾಯಬೇಕಾದ್ದಿಲ್ಲ. ಬರಗಾಲದಲ್ಲಿ ಶರಣಬಸವೇಶ್ವರರ ಪಂಕ್ತಿಗೆ ಬಂದವರಿಗೆ ಮೊದಲು ಅನ್ನ ಬಡಿಸುತ್ತಿದ್ದರು. ಊರು ಕೇರಿಯ ವಿಚಾರಣೆ ಆಮೇಲೆ ಬೇಕಾದರೆ.

ಈ ಬಿಡಾರಗಳಲ್ಲಿ ಭಾರತದಲ್ಲೇ ಹುಟ್ಟಿದ ಮಕ್ಕಳೂ ಇದ್ದಾರೆ. ಅರಾಕಾನನ್ನು ಅವರು ನೋಡಿಲ್ಲ, ಭಾರತ ಅವರನ್ನು ಬರೆದುಕೊಂಡಿಲ್ಲ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ರೋಹಿಂಗ್ಯಾ ಮಕ್ಕಳು ಸರ್ಕಾರಿ ಶಾಲೆಗೆ ಹೋಗಿ ಪ್ರವೇಶ ಕೇಳಲಿ, ಸೇರಿಸಿಕೊಳ್ಳದಿದ್ದರೆ ಹೈಕೋರ್ಟಿಗೆ ಹೋಗಬಹುದು ಎಂದು ಹೇಳಿದೆ. ಕಲಬುರಗಿಯ, ಕಮಲಾಪುರದ ಹೆಡ್‌ಮಾಸ್ತರರಲ್ಲಿ ನನ್ನದೊಂದು ಬಿನ್ನಹ. ಅಂಥ ಮಗು ನಿಮ್ಮ ಶಾಲೆಗೆ ಬರಲಿಕ್ಕಿಲ್ಲ. ಆದರೆ ಕಾಗದವಿಲ್ಲದ ಮಕ್ಕಳು ಪ್ರತಿ ಜೂನಿನಲ್ಲಿ ಬಂದೇ ಬರುತ್ತಾರೆ: ಇಟ್ಟಂಗಿ ಭಟ್ಟಿಯವರ ಮಕ್ಕಳು, ಅಲೆಮಾರಿಗಳ ಮಕ್ಕಳು, ಗುಳೆ ಹೋದಲ್ಲಿ ಹುಟ್ಟಿ ಎಲ್ಲಿಯೂ ಹೆಸರು ನಮೂದಾಗದ ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಪ್ರಕಾರ, ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಆ ಕಲಂ ಇರುವುದು ‘ಮಗು’ವಿನ ಬಗ್ಗೆ, ಯಾವ ದೇಶದ ಮಗು ಎಂದು ಅದರಲ್ಲಿ ಬರೆದಿಲ್ಲ.